ಚಿಕ್ಕಬಳ್ಳಾಪುರಕ್ಕೆ ಎಷ್ಟು ಅಕ್ಷರ?

ಮೊನ್ನೆ ಭಾನುವಾರ, ನನ್ನ ಬಳಿ ಪೈಥಾನ್ ಕಲಿಯಲು ಬರುವ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಸಪ್ಪೆ ಮುಖ ಹಾಕಿಕೊಂಡು ಕೂತಿದ್ದಳು. ನಮ್ಮ ನಾಲ್ಕು ಊರುಗಳ ಹೆಸರನ್ನು ಪಟ್ಟಿಯಲ್ಲಿ ಸಾಲಾಗಿ ಮೂಡಿಸುವ ಪುಟ್ಟ ಪ್ರೋಗ್ರಾಮು ಬರೆದಿದ್ದಳು. ಒಂದೊಂದು ಹೆಸರಿಗೂ ಎಂಟು ಅಕ್ಷರದಷ್ಟು ಜಾಗ, ಅದಕ್ಕಿಂತ ಉದ್ದವಿದ್ದರೆ ಕತ್ತರಿಸು ಅಂತ. ಪರದೆಯ ಮೇಲೆ ಬಂದದ್ದು ಇದು:

ಚಿಕ್ಕಬಳ್
ಗೌರಿಬಿದನ
ಚಿಂತಾಮಣಿ
ಶಿಡ್ಲಘಟ್

"ಸಾರ್, ನಾಲ್ಕರಲ್ಲಿ ಚಿಂತಾಮಣಿ ಒಂದೇ ಪೂರ್ತಿ ಬಂದಿರೋದು. ಇರೋದ್ರಲ್ಲಿ ದೊಡ್ಡ ಹೆಸರು ಅಂದ್ರೂ ಆರೇ ಅಕ್ಷರ. ನಾನು ಎಂಟು ಕೊಟ್ಟಿದೀನಿ. ನಂಗೆ ಎಣಿಸೋಕೂ ಬರಲ್ವಾ ಸಾರ್?"

ಬೆರಳು ಮಡಚಿ ಎಣಿಸಿ ತೋರಿಸಿದಳು. ಚಿ, ಕ್ಕ, ಬ, ಳ್ಳಾ, ಪು, ರ. ಆರು. ಗೌ, ರಿ, ಬಿ, ದ, ನೂ, ರು. ಆರು. ಶಿ, ಡ್ಲ, ಘ, ಟ್ಟ. ನಾಲ್ಕೇ ನಾಲ್ಕು. ಒಂದನೇ ಕ್ಲಾಸಿನ ಮಗುವಿಗೆ ಕೇಳಿದರೂ ಇದನ್ನೇ ಹೇಳುತ್ತೆ. ಆಮೇಲೆ ನಾನೇ ಕೊಟ್ಟಿದ್ದ ಕನ್ನಡ ನೋಟ್ಸು ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟಳು: "ಸ್ಟ್ರಿಂಗ್ ಎಂದರೆ ಅಕ್ಷರಗಳ ಸಾಲು. ಅದರಲ್ಲಿ ಎಷ್ಟು ಅಕ್ಷರಗಳಿವೆ ಎಂಬುದನ್ನು ಲೆನ್ ತಿಳಿಸುತ್ತದೆ."

ಆ ಸಾಲಿನ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ :-) ಎರಡೇ ವಾಕ್ಯ, ಗಟ್ಟಿ ಸಂಸ್ಕೃತ ಪದ ಒಂದೂ ಇಲ್ಲ, ಇಂಗ್ಲಿಷ್ ಅಂದರೆ ಹೆದರುವ ಹುಡುಗರಿಗೂ ಅರ್ಥವಾಗುತ್ತೆ. ಒಂದೇ ಒಂದು ಸಣ್ಣ ತೊಂದರೆ ಏನಪ್ಪಾ ಅಂದರೆ, ಅದು ಸುಳ್ಳು.

ಹುಡುಗಿಗೆ ಎಣಿಸಲು ಬರುತ್ತಿತ್ತು. ನನಗೆ ಬರೆಯಲು ಬಂದಿರಲಿಲ್ಲ. ಆವತ್ತು ರಾತ್ರಿಯಿಂದ ಡೇಟಾ ಟೈಪುಗಳ ಬಗ್ಗೆ ನಾನು ಬರೆದಿಟ್ಟಿದ್ದನ್ನೆಲ್ಲ ಮತ್ತೆ ತಿದ್ದಲು ಕೂತೆ. ತಿದ್ದುತ್ತಾ ತಿದ್ದುತ್ತಾ ಅನ್ನಿಸಿದ್ದನ್ನು ಇಲ್ಲಿ ಕುಟ್ಟುತ್ತಿದ್ದೇನೆ. ಕನ್ನಡದಲ್ಲಿ ತಂತ್ರಜ್ಞಾನದ ಬಗ್ಗೆ ಬರೆಯುವ ಗೆಳೆಯರು ಈ ಕಡೆ ಬಹಳ ಜನ ಇದ್ದೀರಿ, ನಿಮ್ಮ ಜೊತೆ ಜಗಳಕ್ಕೂ ತಯಾರಿದ್ದೇನೆ.

ಮೊದಲು ಆ ಹೆಸರುಗಳ ಕಥೆ ಮುಗಿಸೋಣ. ಪೈಥಾನಿನ ಲೆನ್ ಎಣಿಸುವುದು ಯುನಿಕೋಡಿನ ಕೋಡ್ ಪಾಯಿಂಟುಗಳನ್ನು. ಕನ್ನಡದಲ್ಲಿ ವ್ಯಂಜನಕ್ಕೊಂದು ಕೋಡ್ ಪಾಯಿಂಟು, ಅದಕ್ಕೆ ಹಚ್ಚುವ ಗುಣಿತದ ಗುರುತಿಗೆ ಬೇರೆಯೇ ಒಂದು, ಒತ್ತು ಕೊಡಿಸುವ ಹಲಂತಕ್ಕೆ ಇನ್ನೊಂದು. ಚಿಕ್ಕಬಳ್ಳಾಪುರ ಅಂದರೆ ಚ, ಗುಡಿಸು, ಕ, ಹಲಂತ, ಕ, ಬ, ಳ, ಹಲಂತ, ಳ, ದೀರ್ಘ, ಪ, ಕೊಂಬು, ರ. ಒಟ್ಟು 13. ಗೌರಿಬಿದನೂರು 11. ಶಿಡ್ಲಘಟ್ಟ 9. ಚಿಂತಾಮಣಿ ಸರಿಯಾಗಿ 8, ಅದಕ್ಕೇ ಬಚಾವಾಯಿತು. ಇದನ್ನೇ ಯುಟಿಎಫ್-8 ರೂಪದಲ್ಲಿ ಕಡತಕ್ಕೆ ಉಳಿಸಿದರೆ ಕನ್ನಡದ ಒಂದೊಂದು ಕೋಡ್ ಪಾಯಿಂಟಿಗೂ ಮೂರು ಬೈಟು. ಅಲ್ಲಿಗೆ ಚಿಕ್ಕಬಳ್ಳಾಪುರ 39 ಬೈಟು. ಕೆಲವು ಡೇಟಾಬೇಸುಗಳಲ್ಲಿ ಕಾಲಂ ಅಗಲವನ್ನು ಬೈಟಿನಲ್ಲಿ ಅಳೆಯುತ್ತಾರೆ. ಅಲ್ಲಿ 30 ಅಂತ ಇಟ್ಟು, ಆರಕ್ಷರದ ಊರಿಗೆ ಮೂವತ್ತು ಸಾಲದೇ ಅಂದುಕೊಂಡರೆ ಊರೇ ಒಳಗೆ ಹಿಡಿಸುವುದಿಲ್ಲ.

ಆರು, ಹದಿಮೂರು, ಮೂವತ್ತೊಂಬತ್ತು. ಮೂರೂ ಸರಿ. ಏನನ್ನು ಎಣಿಸುತ್ತಿದ್ದೇವೆ ಅಂತ ಹೇಳದಿದ್ದರೆ ಮೂರೂ ತಪ್ಪು. ರಾಜ್‌ಕುಮಾರ್ ಅಂತ ಬರೆಯುವಾಗ ಜ್ ಕೆಳಗೆ ಕ ಒತ್ತಾಗಿ ಹೋಗದಿರಲಿ ಎಂದು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕುತ್ತೇವಲ್ಲ, ಬ್ಲಾಗಿಸುವವರಿಗೆಲ್ಲ ಗೊತ್ತಿರುವ ಕೀಲಿ ಅದು, ಲೆನ್ ಅದನ್ನೂ ಒಂದು ಅಂತ ಎಣಿಸುತ್ತದೆ. ಕಾಣದ್ದನ್ನು ಅಕ್ಷರ ಅಂತ ಯಾವ ಬಾಯಲ್ಲಿ ಕರೆಯೋದು?

ಇಂಗ್ಲಿಷಿನ ಕ್ಯಾರೆಕ್ಟರ್ ಪದದ ಜಾಗದಲ್ಲಿ ಕಣ್ಣುಮುಚ್ಚಿ ಅಕ್ಷರ ಅಂತ ಕೂರಿಸಿದ್ದೇ ನನ್ನ ತಪ್ಪು. ಇಂಗ್ಲಿಷಿನಲ್ಲಿ ಆ ಪದ ಸಡಿಲವಾಗಿದ್ದರೂ ಬಹುಕಾಲ ಕೆಲಸ ನಡೆಯಿತು. ಅಲ್ಲಿನ ಒಂದು ಅಕ್ಷರ, ಒಂದು ಸಂಕೇತ, ಒಂದು ಬೈಟು ಎಲ್ಲ ಹೆಚ್ಚುಕಡಿಮೆ ಒಂದೇ ಆಗಿದ್ದವು. ಕನ್ನಡದಲ್ಲಿ ಅಕ್ಷರ ಅನ್ನುವ ಪದ ಸಡಿಲವಲ್ಲ. ಅದಕ್ಕೆ ಯಜಮಾನರಿದ್ದಾರೆ. ಶಾಲೆಯಲ್ಲಿ ಕಲಿತ ಛಂದಸ್ಸನ್ನು ನೆನಪಿಸಿಕೊಳ್ಳಿ. ಮಾತ್ರಾಗಣ, ಅಕ್ಷರಗಣ, ಅಂಶಗಣ ಅಂತ ಮೂರು ಬಗೆ. ಒಂದೇ ಸಾಲನ್ನು ಮೂರು ಥರ ಎಣಿಸಬಹುದು ಅನ್ನೋದು ನಮ್ಮ ಹಿರಿಯರಿಗೆ ಕಂಪ್ಯೂಟರು ಹುಟ್ಟುವ ಎಷ್ಟೋ ಮುಂಚೆ ಗೊತ್ತಿತ್ತು. ಚಿಕ್ಕಬಳ್ಳಾಪುರಕ್ಕೆ ಲಘು ಗುರು ಹಾಕಿ ನೋಡಿ: ಒತ್ತಕ್ಷರದ ಹಿಂದಿರುವ ಚಿ ಗುರು, ಬ ಗುರು, ಳ್ಳಾ ಗುರು, ಮಿಕ್ಕ ಮೂರು ಲಘು. ಒಂಬತ್ತು ಮಾತ್ರೆ. ವ್ಯಾಕರಣದ ಪ್ರಕಾರ ವರ್ಣಗಳನ್ನು ಬಿಡಿಸಿದರೆ ವ್ಯಂಜನ ಎಂಟು, ಸ್ವರ ಆರು, ಒಟ್ಟು ಹದಿನಾಲ್ಕು. ಕೋಡ್ ಪಾಯಿಂಟಿನ 13 ಇದ್ಯಾವುದಕ್ಕೂ ಸರಿಹೊಂದುವುದಿಲ್ಲ, ಗಮನಿಸಿ. ಯುನಿಕೋಡಿನಲ್ಲಿ ವ್ಯಂಜನದ ಒಳಗಿನ ಅ ಕಾರಕ್ಕೆ ಬೇರೆ ಗುರುತಿಲ್ಲ, ಬದಲಿಗೆ ಅದನ್ನು ತೆಗೆಯಲು ಹಲಂತವಿದೆ. ಅದು ಬೇರೆಯೇ ಲೆಕ್ಕ. ಹಾಗಾಗಿ ಅದಕ್ಕೆ ಬೇರೆ ಹೆಸರೇ ಬೇಕು. ಅಕ್ಷರವೂ ಬೇಡ, ವರ್ಣವೂ ಬೇಡ. ಕೋಡ್ ಪಾಯಿಂಟ್ ಅಂತಲೇ ಇರಲಿ, ಅಥವಾ ಸಂಕೇತಬಿಂದು ಅನ್ನಿ. ಅಕ್ಷರವನ್ನು ಮಾತ್ರ ಅಕ್ಷರಕ್ಕೇ ಬಿಡಿ.

"ಇದೆಲ್ಲ ಕನ್ನಡದ ಗೋಳು, ಇಂಗ್ಲಿಷ್ ಡಾಕ್ಯುಮೆಂಟೇಶನ್ ಓದಿಕೊಂಡರೆ ಈ ತಾಪತ್ರಯವೇ ಇಲ್ಲ" ಅನ್ನುವವರಿಗೆ ಒಂದು ಮಾತು. ಇಂಗ್ಲಿಷಿನವರೂ ಈ ಪದಗಳನ್ನು ತಿದ್ದಿಕೊಂಡೇ ಬಂದಿದ್ದಾರೆ. ಜಾವಾದಲ್ಲಿ ಕ್ಯಾರ್ ಅನ್ನುವ ಟೈಪಿಗೆ 16 ಬಿಟ್ಟು. 1995ರಲ್ಲಿ ಜಾವಾ ಬಂದಾಗ ಅಷ್ಟು ಸಾಕು ಅನ್ನಿಸಿತ್ತು. 1996ರ ಯುನಿಕೋಡ್ 2.0 ಹದಿನಾರು ಬಿಟ್ಟಿನ ಬೇಲಿ ದಾಟಿತು. ಒಂದು ಕ್ಯಾರ್ ಅಂದರೆ ಒಂದು ಕ್ಯಾರೆಕ್ಟರ್ ಅನ್ನುವ ಮಾತು ಆಗಲೇ ಮುರಿದುಬಿತ್ತು. 2004ರ ಜಾವಾ 5ರ ಹೊತ್ತಿಗೆ ಕೋಡ್ ಯೂನಿಟ್ ಬೇರೆ, ಕೋಡ್ ಪಾಯಿಂಟ್ ಬೇರೆ ಅಂತ ವಿವರಣೆಯನ್ನು ಬಿಡಿಸಿ ಬರೆಯಬೇಕಾಯಿತು. ಪೈಥಾನ್ 2ರ ಮಾಮೂಲಿ ಸ್ಟ್ರಿಂಗ್ ನಿಜಕ್ಕೂ ಬೈಟುಗಳ ಸಾಲು. 2008ರ ಪೈಥಾನ್ 3 ಬೈಟುಗಳನ್ನೂ ಪಠ್ಯವನ್ನೂ ಎರಡು ಟೈಪಾಗಿ ಬೇರ್ಪಡಿಸಿತು. ಇವತ್ತು ಪೈಥಾನಿನ ಅಧಿಕೃತ ವಿವರಣೆ ಸ್ಟ್ರಿಂಗನ್ನು ಯುನಿಕೋಡ್ ಕೋಡ್ ಪಾಯಿಂಟುಗಳ ಸಾಲು ಅಂತಲೇ ಕರೆಯುತ್ತದೆ. ಅವರೇ ತಿದ್ದಿಕೊಂಡ ತಪ್ಪನ್ನು ನಾನು ಕನ್ನಡಕ್ಕೆ ತರುವಾಗ ಮತ್ತೆ ಒಳಗೆ ಕರೆದುಕೊಂಡು ಬಂದೆನಲ್ಲ, ಅದು ನನಗೆ ನಾಚಿಕೆ ತಂದದ್ದು.

ಇನ್ನೂ ಒಂದು ತಮಾಷೆ ಇದೆ, ನಮ್ಮ ಕಡೆಯವರಿಗೆ ಚೆನ್ನಾಗಿ ರುಚಿಸುತ್ತೆ. ಓದುಗನ ಕಣ್ಣಿಗೆ ಒಂದಾಗಿ ಕಾಣುವ ತುಂಡಿಗೆ ಯುನಿಕೋಡಿನವರು ಗ್ರಾಫೀಮ್ ಕ್ಲಸ್ಟರ್ ಅಂತ ಹೆಸರಿಟ್ಟಿದ್ದಾರೆ. ಸ್ವಿಫ್ಟ್ ಭಾಷೆ ಸ್ಟ್ರಿಂಗನ್ನು ಎಣಿಸುವುದು ಇದರ ಲೆಕ್ಕದಲ್ಲಿ. ಹಳೆಯ ನಿಯಮದಲ್ಲಿ ಹಲಂತದ ನಂತರ ತುಂಡಾಗುತ್ತಿತ್ತು, ಅಂದರೆ ಕ್ಕ ಅನ್ನೋದು ಕ್ ಮತ್ತು ಕ ಅಂತ ಎರಡು. 2023ರ ಯುನಿಕೋಡ್ 15.1ರಲ್ಲಿ ಭಾರತದ ಕೆಲವು ಲಿಪಿಗಳಿಗೆ ಒತ್ತಕ್ಷರ ತುಂಡಾಗದಂತೆ ಹೊಸ ನಿಯಮ ಬಂತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಆ ಪಟ್ಟಿಯಲ್ಲಿದ್ದವು. ಕನ್ನಡ ಇರಲಿಲ್ಲ. ಚಿಂತಾಮಣಿ, ಗೌರಿಬಿದನೂರಿನ ಕಡೆ ಒಂದೇ ಮನೆಯಲ್ಲಿ ಕನ್ನಡ, ತೆಲುಗು ಎರಡೂ ನಡೆಯುತ್ತವೆ. ಅಕ್ಕನನ್ನು ಎರಡೂ ಭಾಷೆಯಲ್ಲಿ ಅಕ್ಕ ಅಂತಲೇ ಕರೆಯೋದು. ಆ ನಿಯಮದ ಪ್ರಕಾರ ತೆಲುಗು ಲಿಪಿಯಲ್ಲಿ ಬರೆದ ಅಕ್ಕ ಎರಡು ತುಂಡು, ಕನ್ನಡ ಲಿಪಿಯಲ್ಲಿ ಬರೆದ ಅದೇ ಅಕ್ಕ ಮೂರು ತುಂಡು! ನಮ್ಮ ಚಿಕ್ಕಬಳ್ಳಾಪುರ ಈ ಲೆಕ್ಕದಲ್ಲಿ ಎಂಟು. "ಬಳಕೆದಾರನಿಗೆ ಕಾಣುವ ಅಕ್ಷರ" ಅಂತ ನೋಟ್ಸಿನಲ್ಲಿ ಬರೆದು ಕೈತೊಳೆದುಕೊಳ್ಳುವ ಹಾಗೂ ಇಲ್ಲ ಅಂತಾಯಿತು. ಯಾರಿಗೆ ಕಾಣುವ ಅಕ್ಷರ? ಯಾವ ಲಿಪಿಯಲ್ಲಿ?

ಎಣಿಕೆ ಹೋಗಲಿ, ಸಮ ಅನ್ನುವ ಮಾತನ್ನೇ ತೆಗೆದುಕೊಳ್ಳಿ. "ಎರಡು ಸ್ಟ್ರಿಂಗ್ ಒಂದೇ ಆಗಿದ್ದರೆ ಅವು ಸಮ" ಅಂತ ಬರೆದಿದ್ದೆ. 2007ರಲ್ಲಿ ನಮ್ಮ ಜಿಲ್ಲೆ ಕೋಲಾರದಿಂದ ಬೇರೆಯಾಯಿತು. ಕೋಲಾರವೇ ಕೋಲಾರದಿಂದ ಬೇರೆಯಾಗುವುದು ಕಂಪ್ಯೂಟರಿನಲ್ಲಿ ಮಾತ್ರ. ಕೋ ಅನ್ನುವುದನ್ನು ಕ ಮತ್ತು ಒಂದೇ ಓ ಗುರುತು ಸೇರಿಸಿ ಬರೆಯಬಹುದು, ಅಥವಾ ಆ ಗುರುತನ್ನು ಮೂರು ಬಿಡಿ ಗುರುತುಗಳಾಗಿಯೂ ಇಡಬಹುದು. ಮೊದಲನೆಯದರಲ್ಲಿ ಕೋಲಾರ 5 ಕೋಡ್ ಪಾಯಿಂಟು, ಎರಡನೆಯದರಲ್ಲಿ 7. ಪರದೆಯಲ್ಲಿ ಎರಡೂ ಅವಳಿ ಜವಳಿ. ಸಮವೇ ಎಂದು ಕೇಳಿದರೆ ಪೈಥಾನ್ ಅಲ್ಲ ಅನ್ನುತ್ತದೆ. ಎರಡನ್ನೂ ಒಂದೇ ರೂಪಕ್ಕೆ ತಂದು ಹೋಲಿಸಿದರೆ ಮಾತ್ರ ಹೌದು. ನುಡಿ, ಬರಹದ ಹಳೆ ಫಾಂಟಿನಲ್ಲಿ ಕುಟ್ಟಿದ್ದನ್ನು ಯುನಿಕೋಡಿಗೆ ತಂದು, ಕಣ್ಣೆದುರೇ ಇರುವ ಪದ ಹುಡುಕಿದರೆ ಸಿಗದೆ ತಲೆ ಕೆರೆದುಕೊಂಡವರಿಗೆ ಇಂಥ ಕಾಟ ಹೊಸದಲ್ಲ. ನಿಜವಾದ ಮಾತು ಬರೆಯಬೇಕೆಂದರೆ ಹೀಗೆ: "ಎರಡರಲ್ಲೂ ಅವೇ ಕೋಡ್ ಪಾಯಿಂಟುಗಳು ಅದೇ ಕ್ರಮದಲ್ಲಿದ್ದರೆ ಸಮ. ನೋಡಲು ಒಂದೇ ಥರ ಇದ್ದರೆ ಸಾಲದು."

ಸ್ಟ್ರಿಂಗು ಮುಗಿಸಿ ಸಂಖ್ಯೆಗೆ ಬಂದರೆ ಅಲ್ಲೂ ಅದೇ ರಾಗ. "ಅಂಕಿಗಳಿಂದ ಕೂಡಿದ ಮಾಹಿತಿಯನ್ನು ಸಂಖ್ಯೆಯಾಗಿ ಇಡಬೇಕು" ಅಂತ ಬರೆದಿದ್ದೇನೆ, ಮಹಾನುಭಾವ. ಅದನ್ನು ನಂಬಿದವರು ಚಿಕ್ಕಬಳ್ಳಾಪುರದ ಎಸ್‌ಟಿಡಿ ಕೋಡು 08156 ಅನ್ನು ಸಂಖ್ಯೆ ಮಾಡಿ ಸ್ಪ್ರೆಡ್‌ಶೀಟಿಗೆ ತುಂಬಿದರೆ ಮುಂದಿನ ಸೊನ್ನೆ ಮಾಯ. ಪೈಥಾನ್ 3ರಲ್ಲಿ ಸೊನ್ನೆಯಿಂದ ಶುರುವಾಗುವ ಹಾಗೆ ಬರೆದರೆ ತಪ್ಪು ಅಂತ ನಿಂತೇ ಬಿಡುತ್ತದೆ. ಹೊಲದ ಸರ್ವೆ ನಂಬರು 12/3 ಅಂತಿದ್ದರೆ ಸ್ಪ್ರೆಡ್‌ಶೀಟು ಅದನ್ನು ತಾರೀಖು ಮಾಡಿಬಿಡುತ್ತದೆ. ಇದು ಹಳ್ಳಿ ಪಾಡು ಮಾತ್ರ ಅಂದುಕೊಳ್ಳಬೇಡಿ. ಸೆಪ್ಟ್, ಮಾರ್ಚ್ ಅಂತ ಶುರುವಾಗುವ ಹೆಸರಿನ ಜೀನುಗಳು ಎಕ್ಸೆಲ್ಲಿನಲ್ಲಿ ತಾರೀಖಾಗಿ ಬದಲಾಗುತ್ತಿದ್ದವು. ಕೊನೆಗೆ ಮಾನವ ಜೀನುಗಳಿಗೆ ಹೆಸರಿಡುವ ಸಮಿತಿಯವರು ಆ ಜೀನುಗಳ ಹೆಸರನ್ನೇ ಬದಲಿಸಿದರು, 2020ರ ಅವರ ಮಾರ್ಗಸೂಚಿಯಲ್ಲಿ ಇದರ ಪ್ರಸ್ತಾಪವೇ ಇದೆ. ವಿಜ್ಞಾನಿಗಳ ಕೈಯಲ್ಲೇ ಆಗಲಿಲ್ಲ ಅಂದಮೇಲೆ ಪಹಣಿ ಹಿಡಿದು ಬರುವ ರೈತನ ಮಗ ಏನು ಮಾಡಿಯಾನು?

ನಾವು ನಂಬರು ಅಂತ ಕರೆಯುವುದೆಲ್ಲ ಸಂಖ್ಯೆಯಲ್ಲ. ಬಸ್ ನಂಬರು, ಮನೆ ನಂಬರು, ಸರ್ವೆ ನಂಬರು ಇವೆಲ್ಲ ಹೆಸರುಗಳು, ಅಂಕಿಯ ವೇಷ ಹಾಕಿಕೊಂಡ ಹೆಸರುಗಳು. ಈಗ ನೋಟ್ಸಿನಲ್ಲಿ ಒಂದು ಪರೀಕ್ಷೆ ಬರೆದಿದ್ದೇನೆ: "ಇದನ್ನು ಇನ್ನೊಂದಕ್ಕೆ ಕೂಡಿಸಿದರೆ ಏನಾದರೂ ಅರ್ಥ ಬರುತ್ತದೆಯೇ? ಬರದಿದ್ದರೆ ಸ್ಟ್ರಿಂಗ್ ಆಗಿ ಇಡಿ." ಗೌರಿಬಿದನೂರಿನ 08155ಕ್ಕೆ ಚಿಂತಾಮಣಿಯ 08154 ಕೂಡಿಸಿದರೆ ಯಾವ ಊರಿಗೆ ಫೋನು ಹೋಗುತ್ತೆ ಅಂತ ಕೇಳಿದೆ. ಹುಡುಗರು ನಕ್ಕರು. ನಕ್ಕವರು ಮರೆಯುವುದಿಲ್ಲ.

ಇನ್ನು ದಶಮಾಂಶ. ಫ್ಲೋಟ್ ಅನ್ನುವುದಕ್ಕೆ ಕನ್ನಡದಲ್ಲಿ ದಶಮಾಂಶ ಸಂಖ್ಯೆ ಅಂತ ಬರೆಯುವುದು ಬಹಳ ಸಲೀಸು, ನಾನೂ ಬರೆದಿದ್ದೆ. ಆದರೆ ಒಳಗೆ ಇರುವುದು ದಶ ಅಲ್ಲವೇ ಅಲ್ಲ, ದ್ವಿಮಾನ. ಹತ್ತನ್ನು ಮೂರು ಜನಕ್ಕೆ ಹಂಚಿದರೆ 3.333 ಅಂತ ಹೋಗುತ್ತಲೇ ಇರುತ್ತಲ್ಲ, ದ್ವಿಮಾನದಲ್ಲಿ 0.1 ಕೂಡ ಹಾಗೇ ಮುಗಿಯದ ಬಾಲ. ಎಲ್ಲೋ ಒಂದು ಕಡೆ ಕತ್ತರಿಸಿ ಇಟ್ಟುಕೊಳ್ಳುತ್ತದೆ. 0.1ಕ್ಕೆ 0.2 ಕೂಡಿಸಿದರೆ ಪೈಥಾನ್ 0.30000000000000004 ಅನ್ನೋದು ಅದಕ್ಕೇ. ಪೈಥಾನಿನಲ್ಲಿ ಡೆಸಿಮಲ್ ಅಂತ ನಿಜವಾದ ದಶಮಾಂಶದ ಟೈಪು ಬೇರೆಯೇ ಇದೆ. ಫ್ಲೋಟಿಗೇ ಆ ಹೆಸರು ಕೊಟ್ಟುಬಿಟ್ಟರೆ ಅದಕ್ಕೆ ಏನಂತ ಕರೆಯಲಿ? ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ತೂಕಕ್ಕೆ ದರ ಗುಣಿಸಿ ದುಡ್ಡು ಲೆಕ್ಕ ಹಾಕುವ ಪ್ರೋಗ್ರಾಮನ್ನು ಅಲ್ಲಿಯ ಹುಡುಗನೇ ನಾಳೆ ಬರೆಯಬಹುದು. ದುಡ್ಡನ್ನು ಫ್ಲೋಟಿನಲ್ಲಿ ಇಡಬೇಡ, ಪೈಸೆ ಲೆಕ್ಕದ ಪೂರ್ಣಾಂಕದಲ್ಲೋ ಡೆಸಿಮಲ್ಲಿನಲ್ಲೋ ಇಡು ಅನ್ನುವ ಬುದ್ಧಿಮಾತು ಅವನಿಗೆ ತಲುಪಬೇಕಾದರೆ ಈ ಎರಡಕ್ಕೂ ಒಂದೇ ಹೆಸರಿರಬಾರದು.

ಆದರೆ ಇಷ್ಟೂ ಪದಗಳಲ್ಲಿ ನನ್ನ ನಿದ್ದೆ ಕೆಡಿಸಿದ್ದು ಶೂನ್ಯ.

ನಲ್ ಅನ್ನುವುದಕ್ಕೆ ಶೂನ್ಯ ಅಂತ ಬರೆದಿದ್ದೆ. ಕೇಳಲು ಚಂದ, ತತ್ವಜ್ಞಾನದ ಗಂಧವೂ ಇದೆ. ಕನ್ನಡದ ಹುಡುಗನಿಗೆ ಶೂನ್ಯ ಅಂದರೆ ಸೊನ್ನೆ. ನಲ್ ಅಂದರೆ ಸೊನ್ನೆಯಲ್ಲ, ಅಲ್ಲಿ ಬೆಲೆಯೇ ಇಲ್ಲ, ಗೊತ್ತಿಲ್ಲ ಅಂತ. ಈ ಎರಡರ ನಡುವೆ ಎಷ್ಟು ದೂರ ಅಂತ ನಮ್ಮಂಥ ಬರದ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಐದು ದಿನದ ಮಳೆ ಲೆಕ್ಕ ಅಂದುಕೊಳ್ಳಿ: 12, 0, ಖಾಲಿ, 8, 0 ಮಿಲಿಮೀಟರು. ಮೂರನೇ ದಿನ ಅಳತೆಯನ್ನೇ ತೆಗೆದುಕೊಂಡಿಲ್ಲ. ಖಾಲಿಯನ್ನು ನಲ್ ಅಂತ ಇಟ್ಟರೆ ಎಸ್‌ಕ್ಯೂಎಲ್‌ನ ಸರಾಸರಿ ಆ ದಿನವನ್ನು ಬಿಟ್ಟು ನಾಲ್ಕರಿಂದ ಭಾಗಿಸುತ್ತದೆ, ಉತ್ತರ 5. ಶೂನ್ಯ ಅಂತ ನಂಬಿ 0 ತುಂಬಿದರೆ ಐದರಿಂದ ಭಾಗಿಸುತ್ತದೆ, ಉತ್ತರ 4. ಬಿದ್ದಿರಬಹುದಾದ ಮಳೆಯನ್ನು ಒಂದು ಅನುವಾದ ಅಳಿಸಿಹಾಕಿತು.

ಮಳೆಯಾದರೂ ಹೋಗಲಿ. ನಮ್ಮ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡಿನ ಕಾಟ ಹಳೆಯದು, ಹಲ್ಲು ಕಂದಿದ ಮಕ್ಕಳನ್ನು ನೋಡಿದವರಿಗೆ ಗೊತ್ತು. ಕುಡಿಯುವ ನೀರಿಗೆ ಭಾರತೀಯ ಮಾನಕ ಹಾಕಿಕೊಟ್ಟ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿನ ದಾರಿಯೇ ಇಲ್ಲದಿದ್ದರೆ 1.5. ಈಗ ಊರಿನ ಕೊಳವೆಬಾವಿಗಳ ಪಟ್ಟಿಯಲ್ಲಿ ಒಂದರ ಮುಂದೆ ಫ್ಲೋರೈಡ್ ಕಾಲಂ ಖಾಲಿ ಇದೆ, ಪರೀಕ್ಷೆ ಮಾಡಿಸಿಲ್ಲ ಅಂತ ಅದರ ಅರ್ಥ. ನನ್ನ ನೋಟ್ಸು ಓದಿದ ಹುಡುಗ ಅದನ್ನು ಶೂನ್ಯ ಅಂತ ತಿಳಿದು 0 ತುಂಬಿ, 1.5ಕ್ಕಿಂತ ಕಡಿಮೆ ಇರುವ ಬಾವಿಗಳನ್ನೆಲ್ಲ ತೋರಿಸು ಅಂದರೆ, ಪರೀಕ್ಷೆಯೇ ಆಗದ ಬಾವಿ ಪಟ್ಟಿಯ ತಲೆಯ ಮೇಲೆ ಬಂದು ಕೂರುತ್ತದೆ. ಎಲ್ಲಕ್ಕಿಂತ ಶುದ್ಧವಾದ ನೀರು! ಪ್ರೋಗ್ರಾಮಿನಲ್ಲಿ ಒಂದು ಸಾಲೂ ತಪ್ಪಿಲ್ಲ. ತಪ್ಪು ಇರುವುದು ನಾನು ಚಂದ ಕಂಡಿತೆಂದು ಬಳಸಿದ ಒಂದು ಪದದಲ್ಲಿ.

ಶೂನ್ಯ ತೆಗೆದು ಈಗ ನಲ್ ಅಂತಲೇ ಇಟ್ಟು ಪಕ್ಕದಲ್ಲಿ "ಗೊತ್ತಿಲ್ಲ, ದಾಖಲಾಗಿಲ್ಲ" ಅಂತ ಬರೆದಿದ್ದೇನೆ. ಒಂದು ಲಾಭ ತಾನಾಗೇ ಬಂತು. ಎಸ್‌ಕ್ಯೂಎಲ್‌ನಲ್ಲಿ ನಲ್ ಇನ್ನೊಂದು ನಲ್‌ಗೆ ಸಮವೇ ಅಂತ ಕೇಳಿದರೆ ಹೌದು ಅಂತ ಬರುವುದಿಲ್ಲ. ಇಂಗ್ಲಿಷ್ ಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟ ವಿವರಣೆ ಇರುತ್ತದೆ. ಕನ್ನಡದಲ್ಲಿ ಒಂದೇ ಪ್ರಶ್ನೆ ಸಾಕಾಯಿತು: ಈ ಬಾವಿಯ ಆಳ ಗೊತ್ತಿಲ್ಲ, ಆ ಬಾವಿಯ ಆಳವೂ ಗೊತ್ತಿಲ್ಲ, ಎರಡರ ಆಳ ಒಂದೇನಾ? "ಗೊತ್ತಿಲ್ಲ ಸಾರ್" ಅಂದರು ಎಲ್ಲರೂ. ಅಷ್ಟೇ, ಅದೇ ಉತ್ತರ. ಸರಿಯಾದ ಮಾತು ಸಿಕ್ಕರೆ ಕನ್ನಡ ಇಂಗ್ಲಿಷಿಗಿಂತ ಬೇಗ ಮುಟ್ಟಿಸುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಕನ್ನಡದಲ್ಲಿ ತಾಂತ್ರಿಕ ಬರಹ ಅಂದ ಕೂಡಲೇ ನಮ್ಮಲ್ಲಿ ಎರಡು ಪಂಗಡ ಎದ್ದು ನಿಲ್ಲುತ್ತವೆ. ಒಂದು ಪಂಗಡದವರಿಗೆ ಪ್ರತಿ ಪದವೂ ಕನ್ನಡವಾಗಬೇಕು. ಡೇಟಾ ಟೈಪು ದತ್ತಾಂಶ ಪ್ರಕಾರವಾಗಬೇಕು, ಸ್ಟ್ರಿಂಗು ಇನ್ನೇನೋ ಆಗಬೇಕು. ಇನ್ನೊಂದು ಪಂಗಡ, ಸುಮ್ಮನೆ ಇಂಗ್ಲಿಷ್ ಪದ ಕನ್ನಡ ಲಿಪಿಯಲ್ಲಿ ಬರೆದುಬಿಡಿ, ಯಾಕೆ ತಲೆನೋವು ಅನ್ನುತ್ತದೆ. ಈ ಜಗಳದಲ್ಲಿ ನಾನೂ ಹಿಂದೆ ಸಾಕಷ್ಟು ಕೀಲಿಮಣೆ ಸವೆಸಿದ್ದೇನೆ. ಈಗ ಅನ್ನಿಸುತ್ತಿರುವುದು, ಇಬ್ಬರೂ ನೋಡುತ್ತಿರುವುದು ಪದವನ್ನು, ವಾಕ್ಯವನ್ನಲ್ಲ. ದತ್ತಾಂಶ ಪ್ರಕಾರ ಎಂದರೆ ದತ್ತಾಂಶದ ಪ್ರಕಾರ ಅಂತ ಬರೆದರೂ ಅಷ್ಟೇ, ಡೇಟಾ ಟೈಪ್ ಎಂದರೆ ಡೇಟಾದ ಟೈಪು ಅಂತ ಬರೆದರೂ ಅಷ್ಟೇ. ಎರಡರಲ್ಲೂ ಕಾಳಿಲ್ಲ, ಬರೀ ಹೊಟ್ಟು.

ಟೈಪು ಅಂದರೇನು ಅಂತ ತಿಳಿಯಬೇಕಾದರೆ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿ. ಗೂಡು ಕೊಳ್ಳಲು ಬಂದ ರೀಲರು ರಾಶಿಗೆ ಕೈ ಹಾಕಿ ಮಿಶ್ರತಳಿಯೋ ದ್ವಿತಳಿಯೋ ನೋಡುತ್ತಾರೆ. ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು ಎಷ್ಟಿದೆ ನೋಡುತ್ತಾರೆ. ಯಾಕೆ? ಅದರ ಎಳೆ ಸಿಕ್ಕಾಗಿರುತ್ತದೆ, ಸರಾಗವಾಗಿ ಬಿಚ್ಚಿಕೊಳ್ಳುವುದಿಲ್ಲ. ಅವರಿಗೆ ಬಗೆ ಅಂದರೆ ಬರೀ ಹೆಸರಲ್ಲ, ಅದರಿಂದ ಏನು ಮಾಡಬಹುದು, ಏನು ಮಾಡಲಾಗದು ಅನ್ನುವ ಮಾತು. ಡೇಟಾ ಟೈಪೂ ಅಷ್ಟೇ. ಹಾಗಾಗಿ ನನ್ನ ನೋಟ್ಸಿನ ಮೊದಲ ಸಾಲನ್ನೇ ಬದಲಿಸಿದೆ: "ಒಂದು ಮೌಲ್ಯದ ಟೈಪು ಎರಡು ಸಂಗತಿ ಹೇಳುತ್ತದೆ. ಆ ಮೌಲ್ಯ ಏನೇನಾಗಿರಬಹುದು, ಮತ್ತು ಅದರ ಮೇಲೆ ಏನೇನು ಮಾಡಬಹುದು." ಇಲ್ಲಿ ಟೈಪು ತೆಗೆದು ಬಗೆ ಅಂತ ಹಾಕಿದರೂ ವಾಕ್ಯ ನಿಲ್ಲುತ್ತದೆ. ಪದದ ಜಗಳ ಆಮೇಲೆ ಆರಾಮಾಗಿ ಆಡಿಕೊಳ್ಳೋಣ.

ಬರಹ ತಿದ್ದುವುದು ಅಂದರೆ ಅದಕ್ಕೆ ಹೊಳಪು ಹಾಕುವುದು ಅಂತ ನಾನು ತಿಳಿದಿದ್ದೆ. ಉದ್ದ ವಾಕ್ಯ ಮುರಿ, ಕಷ್ಟದ ಪದ ತೆಗೆ, ಓದಲು ಹಿತವಾಗಿರಲಿ. ಅದೆಲ್ಲ ಬೇಕು, ಬೇಡ ಅನ್ನಲ್ಲ. ಆದರೆ "ಅಕ್ಷರಗಳ ಸಾಲು" ಅನ್ನುವ ವಾಕ್ಯಕ್ಕೆ ಹೊಳಪು ಬಹಳ ಚೆನ್ನಾಗಿಯೇ ಇತ್ತು. ಅಕ್ಕಿಯನ್ನು ಎಷ್ಟು ಪಾಲಿಶ್ ಮಾಡಿದರೂ ಕಲ್ಲು ಆರಿಸದಿದ್ದರೆ ಹಲ್ಲಿಗೆ ಸಿಕ್ಕೇ ಸಿಗುತ್ತದೆ. ತಿದ್ದುವುದು ಅಂದರೆ ಮೊದಲು ಕಲ್ಲು ಆರಿಸುವುದು.

ಮೊದಲ ಪಾಠಕ್ಕೇ ಇಷ್ಟೆಲ್ಲ ತುಂಬಿದರೆ ಹುಡುಗರು ಓಡಿಹೋಗಲ್ವಾ ಅಂತ ಗೆಳೆಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಎಲ್ಲವನ್ನೂ ಮೊದಲೇ ಹೇಳಬೇಕಾಗಿಲ್ಲ. ಯುಟಿಎಫ್-8, ಗ್ರಾಫೀಮ್ ಕ್ಲಸ್ಟರ್ ಎಲ್ಲ ಹತ್ತನೇ ಪಾಠಕ್ಕೆ ಇಟ್ಟುಕೊಳ್ಳಿ. ಆದರೆ ಹತ್ತನೇ ಪಾಠದಲ್ಲಿ ವಾಪಸ್ ತೆಗೆದುಕೊಳ್ಳಬೇಕಾದ ಮಾತನ್ನು ಒಂದನೇ ಪಾಠದಲ್ಲಿ ಹೇಳಬೇಡಿ. "ಸ್ಟ್ರಿಂಗಿನ ಉದ್ದ ಬೆರಳೆಣಿಕೆಯ ಅಕ್ಷರಕ್ಕೆ ಸರಿಹೊಂದುತ್ತದೆ ಅಂತಿಲ್ಲ, ನಿಮ್ಮ ಊರಿನ ಹೆಸರು ಹಾಕಿ ನೋಡಿ" ಅನ್ನುವುದು ಚಿಕ್ಕ ಮಾತೇ. ಸರಳ ಮಾಡುವುದು ಬೇರೆ, ಸುಳ್ಳು ಮಾಡುವುದು ಬೇರೆ.

ಇನ್ನೊಂದು ಆಕ್ಷೇಪ, ಇದಕ್ಕೆ ಉತ್ತರ ಕೊಡುವುದು ಕಷ್ಟ. ಕನ್ನಡದಲ್ಲಿ ಇದನ್ನೆಲ್ಲ ಓದುವವರು ಎಷ್ಟು ಜನ? ಕೆಲಸಕ್ಕೆ ಹೋದಮೇಲೆ ಎಲ್ಲರೂ ಇಂಗ್ಲಿಷನ್ನೇ ಓದಬೇಕಲ್ಲ? ಓದಬೇಕು, ನಿಜ. ಆದರೆ ಕೊಂಚ ಜನ ಓದುವ ಬರಹ ಹೇಗಿದ್ದರೂ ನಡೆಯುತ್ತದೆ ಅನ್ನುವುದನ್ನು ಮಾತ್ರ ಒಪ್ಪಲಾರೆ. ಇಂಗ್ಲಿಷಿನಲ್ಲಿ ಒಂದು ವಿವರಣೆ ತಪ್ಪಿದ್ದರೆ ಹುಡುಗ ಇನ್ನೊಂದು ಹುಡುಕಿಕೊಳ್ಳುತ್ತಾನೆ. ಕನ್ನಡದಲ್ಲಿ ಹುಡುಕಿದರೆ ಸಿಗುವುದೇ ಒಂದೆರಡು. ಅದು ತಪ್ಪಿದ್ದರೆ ಅವನು ಬರಹದ ಮೇಲೆ ಅನುಮಾನ ಪಡುವುದಿಲ್ಲ, ತನ್ನ ಮೇಲೆಯೇ ಪಡುತ್ತಾನೆ. ನಂಗೆ ಎಣಿಸೋಕೂ ಬರಲ್ವಾ ಸಾರ್ ಅಂದಳಲ್ಲ, ಆ ಮಾತು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಓದುಗರು ಕಡಿಮೆ ಇದ್ದಷ್ಟೂ ಬರೆಯುವವನ ಹೊಣೆ ಜಾಸ್ತಿ.

ಹಾಗಂತ ಇವತ್ತು ತಿದ್ದಿದ್ದೇ ಕೊನೆಯ ಮಾತು ಅಂತ ನಾನು ಹೇಳುತ್ತಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರು ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಅಂತ ಜೀವನವಿಡೀ ಹೇಳುತ್ತಾ ಬಂದರು. ಡಾಕ್ಯುಮೆಂಟೇಶನ್ನಿಗೂ ಅದು ಒಪ್ಪುವ ಮಾತು. ವಿವರಣೆಯ ಒಂದೊಂದು ವಾಕ್ಯವೂ ಓದುಗ ತಾನೇ ಕುಟ್ಟಿ ಪರೀಕ್ಷಿಸುವಂತಿರಬೇಕು. ಅದಕ್ಕೇ ಈಗ ನೋಟ್ಸಿನ ಉದಾಹರಣೆಗಳಲ್ಲಿ ಹಲೋ ವರ್ಲ್ಡ್ ತೆಗೆದು ನಮ್ಮ ನಾಲ್ಕು ಊರುಗಳನ್ನೇ ಹಾಕಿದ್ದೇನೆ. ಇಂಗ್ಲಿಷ್ ಉದಾಹರಣೆಯಲ್ಲಿ ಕೆಟ್ಟ ವಾಕ್ಯವೂ ಪಾಸಾಗಿಬಿಡುತ್ತದೆ. ಶಿಡ್ಲಘಟ್ಟ ಪಾಸು ಮಾಡಿದರೆ ವಾಕ್ಯ ಗಟ್ಟಿ ಅಂತ ಲೆಕ್ಕ.

ಮುಂದಿನ ಭಾನುವಾರ ತಿದ್ದಿದ ಸಾಲನ್ನು ಆ ಹುಡುಗಿಗೇ ಮೊದಲು ಓದಲು ಕೊಟ್ಟೆ: "ಪೈಥಾನಿನಲ್ಲಿ ಸ್ಟ್ರಿಂಗ್ ಎಂದರೆ ಕೋಡ್ ಪಾಯಿಂಟುಗಳ ಸಾಲು. ಲೆನ್ ಎಣಿಸುವುದು ಅವುಗಳನ್ನು, ನಾವು ಬೆರಳಲ್ಲಿ ಎಣಿಸುವ ಅಕ್ಷರಗಳನ್ನಲ್ಲ. ಚಿಂತಾಮಣಿಗೆ ಅಕ್ಷರ 4, ಲೆನ್ 8."

ಓದಿದಳು. ಎರಡನೇ ಸಲ ಓದಿದಳು. "ಮೊದಲಿನದಷ್ಟು ಚೆನ್ನಾಗಿಲ್ಲ ಸಾರ್" ಅಂದಳು. ಆಮೇಲೆ ಕಂಪ್ಯೂಟರಿನಲ್ಲಿ ತನ್ನ ಹೆಸರು ಕುಟ್ಟಿ ನೋಡಿ, "ಆದ್ರೆ ಸರಿಯಾಗಿದೆ" ಅಂದಳು.

ನನಗೆ ಅಷ್ಟು ಸಾಕು. ನಿಮ್ಮ ಊರಿನ ಹೆಸರಿಗೆ ಎಷ್ಟು ಅಕ್ಷರ, ಎಷ್ಟು ಲೆನ್? ಎಣಿಸಿ ಕೆಳಗೆ ಬರೆಯಿರಿ. ನಿಮ್ಮ ಬರಹಗಳಲ್ಲಿ ಹೊಳೆಯುತ್ತಾ ಕೂತಿರುವ ಕಲ್ಲುಗಳೇನಾದರೂ ಸಿಕ್ಕಿದ್ದರೆ ಅವನ್ನೂ ತಿಳಿಸಿ. ನನ್ನ ನೋಟ್ಸಿನಲ್ಲಿ ಇನ್ನೂ ಇವೆ ಅಂತ ಗುಮಾನಿ :-)